ರೇಶನ್ ಕಾರ್ಡಿನಲ್ಲಿ ಕಾಟು ಹೊಡೆದ ಹೆಸರು

ನಾನು ಕೊಳ್ಳಬೇಕೆಂದಿದ್ದ ಮನೆ ಒಂದು ದಿನ ಬೆಳಿಗ್ಗೆ ಪೇಪರಿನಲ್ಲಿ ಬಂದಿತ್ತು. ಅದೂ ಎಲ್ಲಿ? ಶ್ರದ್ಧಾಂಜಲಿಗಳ ಪಕ್ಕದಲ್ಲಿ.

ಚಹಾದ ಕಪ್ಪು ಕೆಳಗಿಟ್ಟು ಕನ್ನಡಕ ಏರಿಸಿ ಮತ್ತೆ ಓದಿದೆ. ‘ಪಬ್ಲಿಕ್ ನೋಟಿಸ್’ ಅಂತ ತಲೆಬರಹ. ಜೋಗೇಶ್ವರಿ ಪೂರ್ವದ ಇಂಥ ಸೊಸೈಟಿಯ ಎರಡನೇ ಮಹಡಿಯ ಇಂಥ ನಂಬರಿನ ಫ್ಲ್ಯಾಟನ್ನು ನನ್ನ ಕಕ್ಷಿದಾರರು ಕೊಳ್ಳಲಿದ್ದಾರೆ. ಅದರ ಮೇಲೆ ವಾರಸು, ಅಡವು, ದಾನ, ಜೀವನಾಂಶ ಇತ್ಯಾದಿ ಯಾವುದೇ ಹಕ್ಕು ಇದ್ದವರು ಹದಿನಾಲ್ಕು ದಿನಗಳೊಳಗೆ ಬರೆದು ತಿಳಿಸಬೇಕು. ತಿಳಿಸದಿದ್ದರೆ ಅಂಥ ಹಕ್ಕು ಯಾರಿಗೂ ಇಲ್ಲವೆಂದು ಭಾವಿಸಲಾಗುವುದು. ಕೆಳಗೆ ನನ್ನ ವಕೀಲೆಯ ಹೆಸರು. ಕಕ್ಷಿದಾರರು ಅಂದರೆ ನಾನೇ.

ನಮ್ಮ ಧಾರವಾಡದಲ್ಲಿ ಒಬ್ಬರ ಮನೆ ಪೇಪರಿಗೆ ಬಂತೆಂದರೆ ಬ್ಯಾಂಕಿನವರು ಜಪ್ತಿ ಮಾಡಿದ್ದಾರೆ ಅಂತಲೇ ಅರ್ಥ. ಮನೆ ಕೊಳ್ಳುವವರು ನಾಲ್ಕು ಮಂದಿಗೆ ಗೊತ್ತಾಗದ ಹಾಗೆ, ಕಣ್ಣು ಬೀಳದ ಹಾಗೆ ಕೊಳ್ಳುತ್ತಾರೆ. ವಾಸ್ತುಶಾಂತಿಯ ಊಟಕ್ಕೆ ಕರೆದಾಗಲೇ ಮಗ್ಗಲು ಮನೆಯವರಿಗೆ ಸುದ್ದಿ. ಇಲ್ಲಿ ನೋಡಿದರೆ ಇಡೀ ಮುಂಬೈಗೆ ಡಂಗುರ: ಬನ್ನಿ, ತಕರಾರು ಇದ್ದವರೆಲ್ಲ ಬನ್ನಿ! ಐ ಮಸ್ಟ್ ಸೇ, ಚಹಾ ಅರ್ಧಕ್ಕೇ ಬಿಟ್ಟೆ. ವಕೀಲೆ ಅನಘಾಗೆ ಫೋನ್ ಮಾಡಿದೆ.

“ಆಂಟೀ, ಟೆನ್ಶನ್ ಮತ್ ಲೋ,” ಅಂದಳು. ಅವಳ ಅಜ್ಜ ಗದಗಿನವರಂತೆ. ಮೊಮ್ಮಗಳ ಕನ್ನಡ ದಾದರಿನಲ್ಲಿ ಹುಟ್ಟಿ ಅಲ್ಲೇ ಬೆಳೆದದ್ದು. “ಇದು ರೂಟೀನ್ ಇದೆ. ಯಾರೂ ಬರಲ್ಲ. ಬಂದ್ರೆ ಅಚ್ಛಾ ಹೀ ಹೈ ನಾ, ನೀವು ದುಡ್ಡು ಕೊಡೋಕ್ಕಿಂತ ಮೊದ್ಲೇ ಬಂದ್ರು.”

ನಾನು ಮುಂಬೈಗೆ ಬಂದಾಗ ನನಗೆ ಅರವತ್ತಾರು. ಆ ವಯಸ್ಸಿನಲ್ಲಿ ಜನ ಊರಿಗೆ ಹಿಂದಿರುಗುತ್ತಾರೆ, ಊರು ಬಿಡುವುದಿಲ್ಲ. ನಾನು ಮದುವೆಯಾದವಳಲ್ಲ. ಧಾರವಾಡದ ಕಾನ್ವೆಂಟಿನಲ್ಲಿ ಕಲಿತು, ಅಲ್ಲೇ ಇಂಗ್ಲಿಷ್ ಕಲಿಸಿ, ಅಲ್ಲೇ ರಿಟೈರ್ ಆದೆ. ಅದೇ ಕಾನ್ವೆಂಟಿನಲ್ಲಿ ಒಂದನೇ ಸ್ಟ್ಯಾಂಡರ್ಡಿನಿಂದ ನನ್ನ ಪಕ್ಕದಲ್ಲೇ ಕೂತವಳು ಫಿಲೋಮಿನಾ. ರೇಲ್ವೆಯವರನ್ನು ಮದುವೆಯಾಗಿ ಅಂಧೇರಿಗೆ ಬಂದು ನಾಲ್ಕು ದಶಕ ಆಯಿತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ. “ವಿಮ್, ಅಲ್ಲಿ ನೀನೊಬ್ಬಳು, ಇಲ್ಲಿ ನಾನೊಬ್ಬಳು, ವಾಟ್ ನಾನ್‌ಸೆನ್ಸ್ ಈಸ್ ದಿಸ್!” ಅಂತ ಫೋನಿನಲ್ಲಿ ಬೈಯುತ್ತಿದ್ದಳು. ಕೆಲಸದಲ್ಲಿದ್ದಾಗ ಕಂತಿನ ಮೇಲೆ ಕೊಂಡಿದ್ದ ಪ್ಲಾಟು ಮಾರಿ ಹೊರಟುಬಿಟ್ಟೆ. ಧಾರವಾಡದಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಯಾರ ಸಲುವಾಗಿ ಹೊಂಟೀರಿ? ಗೆಳತಿ ಅಂದೆ. ಗೆಳತಿ ಅನ್ನುವುದು ಯಾರಿಗೂ ಕಾರಣವಾಗಿ ಕಾಣಲಿಲ್ಲ. ಮಗನೋ ಮಗಳೋ ಕರೆದಿದ್ದರೆ ಸ್ಟೇಶನ್ನಿಗೆ ಬಂದು ಬುತ್ತಿ ಕಟ್ಟಿ ಕೊಡುತ್ತಿದ್ದರು.

ಫಿಲೋ ಮನೆಯಲ್ಲೇ ಇರಬಹುದಿತ್ತು. ಆದರೆ ಅವಳದೂ ಒಂದು ರೂಮಿನ ಮನೆ, ಇಬ್ಬರದೂ ಟೀಚರಮ್ಮನ ಸ್ವಭಾವ. ಒಂದು ವಾರಕ್ಕೆ ಫ್ಯಾನಿನ ಸ್ಪೀಡಿನ ವಿಷಯಕ್ಕೆ ಮಾತು ಬಿಟ್ಟೆವು. ಹಾಗಾಗಿ ಬಾಡಿಗೆ ಮನೆ ಹುಡುಕಿದೆ. ಇಲ್ಲಿ ಬಾಡಿಗೆ ಅನ್ನುವುದು ಹನ್ನೊಂದು ತಿಂಗಳ ಲೆಕ್ಕ. ಅದಕ್ಕೆ ‘ಲೀವ್ ಅಂಡ್ ಲೈಸೆನ್ಸ್’ ಅನ್ನುತ್ತಾರೆ. ಇರಲು ಪರವಾನಗಿ, ಅಷ್ಟೇ. ಡ್ರೈವಿಂಗ್ ಲೈಸೆನ್ಸಾದರೂ ಹಲವು ವರ್ಷ ಇರುತ್ತದೆ! ಧಾರವಾಡದಲ್ಲಿ ನಾನಿದ್ದ ಬಾಡಿಗೆ ಮನೆಯ ಮಾಲಕರು ಇಪ್ಪತ್ತೇಳು ವರ್ಷದಲ್ಲಿ ಒಂದು ಚೀಟಿ ಬರೆಸಿಕೊಂಡವರಲ್ಲ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಿದ್ದರು. ಇಲ್ಲಿ ಮೂರು ವರ್ಷ ತುಂಬುವುದರೊಳಗೆ ಮೂರನೇ ಮನೆಯಲ್ಲಿದ್ದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅಪ್ಪನ ಫೋಟೋ ಮೂರು ವರ್ಷ ಸೂಟ್‌ಕೇಸಿನಲ್ಲೇ ಇತ್ತು.

ಗೆಲುವುಗಳೇ ಇರಲಿಲ್ಲ ಅಂತಲ್ಲ. ಧಾರವಾಡದ ಕನ್ನಡದಲ್ಲಿ ಅರ್ಧ ಮರಾಠಿಯೇ ಇದೆ ಅಂತ ಧೈರ್ಯದಿಂದ ಬಂದವಳಿಗೆ ಇಲ್ಲಿನ ಮರಾಠಿ ಒಂದು ತಿಂಗಳು ಕಿವಿಯ ಮೇಲೆಯೇ ಹಾದುಹೋಯಿತು. ಆಮೇಲೆ ಒಂದು ದಿನ ತರಕಾರಿಯವಳು ಬೇರೆ ಗಿರಾಕಿಗೆ ನನ್ನ ಬಗ್ಗೆ “ಈ ಬಾಯಿ ಬಹಳ ಚಿಕ್ಕಟ” ಅಂತ ಹೇಳಿದ್ದು ಅರ್ಥವಾಗಿಬಿಟ್ಟಿತು. ಚಿಕ್ಕಟ ಅಂದರೆ ಜಿಪುಣಿ. ಬೇಜಾರಾಗಬೇಕಿತ್ತು, ಖುಷಿಯಾಯಿತು. ಜೋಳದ ಹಿಟ್ಟಿಗೆ ಅಂಧೇರಿಯೆಲ್ಲ ಸುತ್ತಿ ಕೊನೆಗೆ ಜೋಗೇಶ್ವರಿಯ ಒಂದು ಗಿರಣಿಯಲ್ಲಿ ಬಿಸಿಬಿಸಿ ಹಿಟ್ಟು ಸಿಕ್ಕಾಗ ಅದರ ವಾಸನೆಗೆ ಅಲ್ಲೇ ನಿಂತುಬಿಟ್ಟಿದ್ದೆ. ಹಿಂದಿನವನು “ಆಗೇ ಬಢೋ ಮೌಸೀ” ಅನ್ನುವವರೆಗೆ ನಾನು ಅಮ್ಮನ ಒಲೆಯ ಮುಂದೆ ಇದ್ದೆ, ಅವಳು ರೊಟ್ಟಿ ತಟ್ಟುವ ಸಪ್ಪಳ ಕೇಳುತ್ತಿತ್ತು.

ಆ ಗಿರಣಿಯಲ್ಲೇ ಸಿಕ್ಕವರು ದಸ್ತಗೀರಸಾಬರು. ವಿಜಾಪುರ ಕಡೆಯವರು, ಹುಡುಗನಿದ್ದಾಗ ಗೌಂಡಿ ಕೆಲಸಕ್ಕೆ ಬಂದು, ಈಗ ಮನೆ ಕೊಡಿಸುವ ಬ್ರೋಕರ್. ನಾನು ಟೀಚರ್ ಅಂತ ಗೊತ್ತಾದದ್ದೇ ‘ಅಕ್ಕೋರ’ ಅಂತ ಕರೆಯತೊಡಗಿದರು. ಕನ್ನಡ ಶಾಲೆಯ ಅಂಗಳದಲ್ಲಿ ಕೇಳುವ ಆ ಕರೆಯನ್ನು ನಮ್ಮ ಕಾನ್ವೆಂಟಿನಲ್ಲಿ ಎಂದೂ ಕೇಳಿರಲಿಲ್ಲ. ಅಲ್ಲಿ ನಾನು ‘ಮಿಸ್’. ಜೋಗೇಶ್ವರಿಗೆ ಬಂದು ಅಕ್ಕೋರ ಆದೆ.

“ಈ ಬಿಲ್ಡಿಂಗಿನ ಸ್ಲ್ಯಾಬ್ ನಾನ ಹಾಕೀನ್ರಿ ಅಕ್ಕೋರ,” ಅಂತ ಅವರು ಆ ಮನೆ ತೋರಿಸಿದರು. “ಮಂದಿ ಪೇಪರ್ ನೋಡತಾರ. ನೀವು ಸ್ಲ್ಯಾಬ್ ನೋಡ್ರಿ.”

ಒಂದು ರೂಮು, ಒಂದು ಅಡಿಗೆಮನೆ. ಇಲ್ಲಿನವರು ‘ವನ್ ಆರ್‌ಕೆ’ ಅನ್ನುತ್ತಾರೆ. ಧಾರವಾಡದಲ್ಲಿ ನಮ್ಮ ಪಡಸಾಲೆಯ ಮೂಲೆಯಲ್ಲಿ ಅಷ್ಟು ಜಾಗದಲ್ಲಿ ಶೇಂಗಾದ ಚೀಲ ಇಡುತ್ತಿದ್ದರು. ಆದರೆ ಕಿಟಕಿ ಪೂರ್ವಕ್ಕೆ, ಹೊರಗೆ ಒಂದು ಬಾದಾಮಿ ಮರ, ಅದರ ಎಲೆ ಕೆಂಪಾಗಿತ್ತು. ಇದು ನನ್ನದು ಅಂತ ಆಗಲೇ ಅನ್ನಿಸಿಬಿಟ್ಟಿತು. ಇದ್ದ ಬಾಡಿಗೆ ಮನೆಯ ಮಾಲಕನ ಮಗನಿಗೆ ಮದುವೆ ಗೊತ್ತಾಗಿತ್ತು. ಮುಂದಿನ ತಿಂಗಳ ಇಪ್ಪತ್ತೆಂಟಕ್ಕೆ ಮನೆ ಬಿಡಬೇಕಿತ್ತು. ನಾಲ್ಕನೇ ಸಲ ಪಾತ್ರೆ ಕಟ್ಟುವ ಶಕ್ತಿ ನನ್ನ ಮೊಣಕಾಲುಗಳಿಗೆ ಇರಲಿಲ್ಲ.

ಮಾರುವವರು ಶಾಲಿನಿತಾಯಿ ಅನ್ನುವ ಮರಾಠಿ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗಂಡ ತೀರಿಕೊಂಡಿದ್ದರು; ಪುಣೆಯಲ್ಲಿದ್ದ ಮಗನ ಬಳಿ ಹೋಗುವವರಿದ್ದರು. ಮೊದಲ ದಿನವೇ ಸಾಬುದಾಣಿ ಖಿಚಡಿ ತಿನ್ನಿಸಿ, ನಲ್ಲಿಯ ನೀರು ಎಷ್ಟು ಗಂಟೆಗೆ ಬರುತ್ತದೆ, ಯಾವ ಕಿಟಕಿಯ ಚಿಲಕ ಮಳೆಗಾಲದಲ್ಲಿ ಉಬ್ಬುತ್ತದೆ ಎಲ್ಲ ಹೇಳಿದರು. ನಾವಿಬ್ಬರೂ ಒಪ್ಪಿದರೆ ಮುಗಿಯಿತಲ್ಲ, ಇನ್ನು ವಕೀಲರು ಯಾಕೆ ಅನ್ನಿಸಿತು.

“ಬೇಕೇ ಬೇಕು, ಮ್ಯಾನ್!” ಅಂತ ಫಿಲೋ ಗದರಿಸಿ ಅನಘಾಳ ಬಳಿ ಕರೆದುಕೊಂಡು ಹೋದಳು.

ಅಂಧೇರಿ ಸ್ಟೇಶನ್ನಿನ ಹೊರಗೆ, ಒಂದು ಝೆರಾಕ್ಸ್ ಅಂಗಡಿಯ ಮೇಲೆ ಅನಘಾಳ ಆಫೀಸು. ಕಡಿದಾದ ಕಬ್ಬಿಣದ ಮೆಟ್ಟಿಲು, ಮೇಲೆ ಒಂದು ಮೇಜು, ಫೈಲುಗಳ ಗುಡ್ಡ. ಮೂವತ್ತು ದಾಟಿರದ ಹುಡುಗಿ. ಅವಳು ಕಾಗದಗಳನ್ನು ಮೇಜಿನ ಮೇಲೆ ಇಸ್ಪೀಟೆಲೆಯಂತೆ ಹಾಸಿದಳು: ಬಿಲ್ಡರನಿಂದ ಮೊದಲು ಕೊಂಡವರಿಗೆ, ಅವರಿಂದ ಶಾಲಿನಿತಾಯಿಯ ಗಂಡನಿಗೆ, ಗಂಡ ಹೋದಮೇಲೆ ಶಾಲಿನಿತಾಯಿಗೆ. ಇದಕ್ಕೆ ‘ಚೈನ್’ ಅನ್ನುತ್ತಾರೆ. ಮನೆ ಅಂದರೆ ಇಲ್ಲಿ ಇಟ್ಟಿಗೆಯಲ್ಲ, ಈ ಸರಪಳಿ. ಪ್ರತಿ ಕೊಂಡಿಯನ್ನೂ ಅವಳು ಪೆನ್ನಿನ ತುದಿಯಿಂದ ತಟ್ಟಿ ನೋಡುತ್ತಿದ್ದಳು, ಅಮ್ಮ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಕೇಳುತ್ತಿದ್ದಂತೆ.

ನೋಟಿಸಿನ ಹದಿನಾಲ್ಕು ದಿನ ಕಳೆದವು. ಯಾರೂ ಬರಲಿಲ್ಲ. ನಾನು ಒಳಗೊಳಗೇ ಕಿಟಕಿಗೆ ಪರದೆಯ ಬಣ್ಣ ಆರಿಸತೊಡಗಿದ್ದೆ.

ಉಳಿದದ್ದು ವಾರಸುದಾರರ ಅಫಿಡವಿಟ್. ಗಂಡ ಉಯಿಲು ಬರೆದಿರಲಿಲ್ಲ. “ಯಾರ್‍ಯಾರು ಇದ್ದೀರಿ?” ಅಂತ ಅನಘಾ ಮರಾಠಿಯಲ್ಲಿ ಕೇಳಿದಾಗ ಶಾಲಿನಿತಾಯಿ “ನಾನು, ನನ್ನ ಮಗ” ಅಂದರು. ಮಗ ತನ್ನ ಪಾಲು ತಾಯಿಗೆ ಬಿಟ್ಟುಕೊಟ್ಟ ಪತ್ರ ತಯಾರಿತ್ತು. ಗಂಡನ ಹಳೆಯ ವಿಳಾಸಕ್ಕೆ ಒಂದು ಪುರಾವೆ ಬೇಕಿತ್ತು, ಹಳೇ ರೇಶನ್ ಕಾರ್ಡು ಇದೆಯಾ ಅಂದಳು ಅನಘಾ. ಶಾಲಿನಿತಾಯಿ ಪ್ಲಾಸ್ಟಿಕ್ ಚೀಲದಿಂದ ತೆಗೆದು ಹೆಮ್ಮೆಯಿಂದಲೇ ಕೊಟ್ಟರು. ಎಷ್ಟು ಜೋಪಾನ ಮಾಡಿದ್ದರೆಂದರೆ ಮಡಿಕೆಗಳಿಗೆಲ್ಲ ಟೇಪು ಅಂಟಿಸಿದ್ದರು.

ಅನಘಾ ವಿಳಾಸ ನೋಡಲಿಲ್ಲ. ಹೆಸರುಗಳನ್ನು ಎಣಿಸಿದಳು. ನಾಲ್ಕಿದ್ದವು. ನಾಲ್ಕನೆಯದಕ್ಕೆ ನೀಲಿ ಶಾಯಿಯಲ್ಲಿ ಕಾಟು ಹೊಡೆದಿತ್ತು.

“ಇದು ಯಾರು?”

“ಸುನಂದಾ,” ಅಂದರು ಶಾಲಿನಿತಾಯಿ, ಇದೇನು ಕೇಳುವ ಮಾತು ಅನ್ನುವ ಹಾಗೆ. “ಅವಳು ಈಗ ಇಲ್ಲ. ಹೆಸರು ತೆಗೆಸಿಬಿಟ್ಟಿದ್ದೇವಲ್ಲ.”

“ತೀರಿಕೊಂಡರಾ?”

“ಮದುವೆ ಮಾಡಿಕೊಂಡಳು. ತಾನೇ. ಇಪ್ಪತ್ತೆರಡು ವರ್ಷ ಆಯ್ತು. ಇವರು ಮರುದಿನವೇ ರೇಶನ್ ಆಫೀಸಿಗೆ ಹೋಗಿ ಹೆಸರು ತೆಗೆಸಿದರು.”

ಅವರು ಸುಳ್ಳು ಹೇಳಿದ್ದಲ್ಲ. ಮುಚ್ಚಿಟ್ಟದ್ದೂ ಅಲ್ಲ, ಮುಚ್ಚಿಡುವವರು ಆ ಕಾರ್ಡನ್ನು ತಾವೇ ತಂದು ಕೈಗೆ ಕೊಡುತ್ತಾರೆಯೇ? ಸರ್ಕಾರದ ಸಿಕ್ಕಾ ಬಿದ್ದು ಹೆಸರು ಹೋಯಿತೆಂದರೆ ಮಗಳ ಲೆಕ್ಕವೂ ಮುಗಿಯಿತು ಅಂತ ಮನಸಾರೆ ನಂಬಿದ್ದರು. ಅನಘಾ ನನ್ನ ಕಡೆ ತಿರುಗಿ ತನ್ನ ಮುರುಕು ಕನ್ನಡದಲ್ಲಿ ಹೇಳಿದಳು: “ಆಂಟೀ, ರೇಶನ್ ಕಾರ್ಡಿಂದ ಹೆಸರು ಕಟ್ ಆದ್ರೆ ಸಕ್ಕರೆ ಬಂದ್ ಆಗ್ತದೆ. ಹಕ್ಕು ಬಂದ್ ಆಗಲ್ಲ.”

“ಆದರೆ ಸೊಸೈಟಿಯವರು ನನ್ನ ಹೆಸರಿಗೆ ಮಾಡಿಕೊಟ್ಟಿದ್ದಾರೆ! ನಾನು ನಾಮಿನಿ!” ಶಾಲಿನಿತಾಯಿಯ ದನಿ ಏರಿತು.

ನಾಮಿನಿ ಅಂದರೆ ಯಜಮಾನಿ ಅಂತ ನಾನೂ ತಿಳಿದಿದ್ದೆ. ಅಲ್ಲವಂತೆ. ಬೀಗದ ಕೈ ಇಟ್ಟುಕೊಳ್ಳುವವರು, ಅಷ್ಟೇ. ಮನೆ ಎಲ್ಲ ವಾರಸುದಾರರದು. ಸುನಂದಾ ಬಂದು ಹಕ್ಕಸೋಡ ಪತ್ರಕ್ಕೆ, ಅಂದರೆ ಹಕ್ಕು ಬಿಟ್ಟೆ ಅನ್ನುವ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ತಾನೂ ಮಾರುವವಳಾಗಿ ತಾಯಿಯ ಪಕ್ಕದಲ್ಲಿ ನಿಲ್ಲಬೇಕು. ಶಾಲಿನಿತಾಯಿ ಕಾರ್ಡನ್ನು ಕಸಿದುಕೊಂಡು ಚೀಲಕ್ಕೆ ಹಾಕಿದರು. “ಅವಳ ನಂಬರು ನನ್ನ ಹತ್ತಿರ ಇಲ್ಲ,” ಅಂದು ಕಬ್ಬಿಣದ ಮೆಟ್ಟಿಲು ಇಳಿದು ಹೋದರು.

ದಸ್ತಗೀರಸಾಬರು ಅಲ್ಲೇ ಇದ್ದರು. “ಅಕ್ಕೋರ, ದೊಡ್ಡ ಮಾತಲ್ರಿ. ಮುಂದ ಏನರ ತಕರಾರು ಬಂದ್ರ ನಾ ಹೊಣೆ ಅಂತ ತಾಯಿ ಕಡಿಂದ ಒಂದು ಬಾಂಡ್ ಬರಸ್ಕೊಳ್ಳೋಣು. ಪೇಪರ್‌ನ್ಯಾಗ ಹಾಕಿದ್ರಿ, ಯಾರೂ ಬರ್ಲಿಲ್ಲ. ಇನ್ನೇನ ಐತ್ರಿ?”

“ಆಕಿ ಆ ಪೇಪರ್ ಓದತಾಳೋ ಇಲ್ಲೋ ಯಾರಿಗೆ ಗೊತ್ತು?”

“ಓದಲಿಲ್ಲಂದ್ರ ಅದು ಆಕಿ ತಪ್ಪು. ನೀವು ಇಪ್ಪತ್ತೆಂಟಕ್ಕ ಮನಿ ಬಿಡಬೇಕು, ನೆಪ್ಪೈತಿಲ್ರಿ? ಇಂಥಾ ಸ್ಲ್ಯಾಬ್ ಮತ್ತ ಸಿಗೂದಿಲ್ಲ ನೋಡ್ರಿ.”

ನಾನು ಅನಘಾಳ ಮುಖ ನೋಡಿದೆ. ಅವಳು ಪೆನ್ನಿನ ಟೋಪಿ ಹಾಕಿ ಹೇಳಿದಳು: “ಸುಮಾರು ಜನ ಹಾಗೇ ಮಾಡ್ತಾರೆ ಆಂಟೀ. ರಿಸ್ಕ್ ಇದೆ. ನಿಮ್ಮ ಟೈಮಲ್ಲಿ ಬಹುಶಃ ಏನೂ ಆಗಲ್ಲ. ನಾನು ನಿಮ್ಮ ವಕೀಲ್, ನೀವು ಹೇಳಿ.”

ನಾಳೆ ಹೇಳುತ್ತೇನೆ ಅಂದು ಹೊರಬಿದ್ದೆ. ಆಟೋದಲ್ಲಿ ಕೂತು ಮನೆಗೆ ಬರುವ ಹಾದಿಯಲ್ಲಿ ನೆನಪಾದವರು ನಮ್ಮ ವಕೀಲ ಕಾಕಾ.

ಧಾರವಾಡದಲ್ಲಿ ನಮ್ಮ ಕಾಲಕ್ಕೆ ವಕೀಲರು ಅಂದರೆ ಮನೆಯ ಡಾಕ್ಟರ್ ಇದ್ದ ಹಾಗೆ. ಕರೀ ಕೋಟು, ಕಪ್ಪು ಟೋಪಿ, ಸೈಕಲ್ಲು. ಪಡಸಾಲೆಯಲ್ಲಿ ಕೂತರೆ ಅಮ್ಮ ಕೇಳದೆಯೇ ಚುರಮರಿ ಸೂಸಲಾ ಕಳಿಸುತ್ತಿದ್ದಳು. ನನ್ನ ಇಂಗ್ಲಿಷ್ ಮಾರ್ಕ್ಸ್ ಮೊದಲು ಕೇಳುತ್ತಿದ್ದವರು, ಡಿಕ್ಷನರಿ ತಂದುಕೊಟ್ಟವರು ಅವರೇ. ಅಪ್ಪ ತೀರಿಕೊಂಡ ವರ್ಷ ಒಂದು ಮಧ್ಯಾಹ್ನ ಕಾಕಾ ಬಂದರು. ನನಗೆ ಇಪ್ಪತ್ತಮೂರು. ಅಣ್ಣ ಪಕ್ಕದಲ್ಲಿ ಕೂತಿದ್ದ. ಹಿತ್ತಲಿನಿಂದ ಸಂಡಿಗೆಯ ಕೈ ಒರೆಸಿಕೊಳ್ಳುತ್ತ ಬಂದೆ. “ತಂಗೀ, ಇಲ್ಲೊಂದು ನಿನ್ನ ಸಹಿ ಹಾಕವಾ,” ಅಂದರು ಕಾಕಾ. ಹಾಕಿದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಉದ್ದ ಬಾಲದ ಇಂಗ್ಲಿಷ್ ಸಹಿ. “ಏನ್ ಚೆಂದ ಅಕ್ಷರ ಅವ ನೋಡು ಮಗಳವು,” ಅಂತ ಕಾಕಾ ಅಣ್ಣನಿಗೆ ತೋರಿಸಿದರು. ನಾನು ಉಬ್ಬಿಹೋದೆ. ಕಾಗದ ಓದಲಿಲ್ಲ. ಓದುವುದು ಬರದೆ ಅಲ್ಲ, ಮೈ ಡಿಯರ್. ಆ ಮೇಜಿನ ಸುತ್ತ ಕೂತವರೆಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದೆ. ಕಾಕಾನ ಎದುರು, ಅಣ್ಣನ ಎದುರು ಕಾಗದ ಎತ್ತಿ ಓದಿದರೆ ಅವರ ಮೇಲೆ ಅನುಮಾನ ಪಟ್ಟಂತೆ ಅಲ್ಲವೇ?

ಅದು ಮನೆಯ ಮೇಲಿನ ನನ್ನ ಹಕ್ಕು ಬಿಟ್ಟ ಪತ್ರ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅಣ್ಣ ಮನೆ ಮಾರುವಾಗ. ಅಣ್ಣ ಕೆಟ್ಟವನಲ್ಲ. ಕಾಕಾ ಅಂತೂ ದೇವರಂಥ ಮನುಷ್ಯ. ಇಂದೂ ಅವರ ಸೈಕಲ್ ಬೆಲ್ಲು ನೆನಪಾದರೆ ಕಣ್ಣು ತುಂಬುತ್ತದೆ. ಕೇಳಿದ್ದರೂ ನಾನು ಕೊಟ್ಟೇಬಿಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಕೇಳಲಿಲ್ಲ. ಆ ಮನೆಯ ತಂಪು ಕಲ್ಲುಹಾಸು, ಮಳೆಗಾಲದಲ್ಲಿ ಮಾಡಿನಿಂದ ಒಂದೇ ಲಯದಲ್ಲಿ ಹರಿವ ನೀರು, ಅಟ್ಟದ ಮೇಲಿನ ಬೆಲ್ಲದ ವಾಸನೆ ಇವೆಲ್ಲ ನೆನಪಾದಾಗೆಲ್ಲ ಆ ಕೇಳದಿದ್ದದ್ದೂ ಜೊತೆಗೇ ಬಂದು ಕೂರುತ್ತದೆ. ಅದೊಂದು ಇಲ್ಲದಿದ್ದರೆ ನನ್ನ ನೆನಪು ಎಷ್ಟು ಸಿಹಿಯಾಗಿರುತ್ತಿತ್ತು!

ಮನೆ ಮುಟ್ಟುವ ಮೊದಲೇ ಆಟೋದಿಂದಲೇ ಅನಘಾಗೆ ಫೋನ್ ಮಾಡಿದೆ. “ಆ ಹುಡುಗೀನ್ನ ಕರೆಸವಾ. ಮನಿ ಹೋದ್ರ ಹೋಗಲಿ.” ಹಾಗೆ ಹೇಳಿ ಫೋನ್ ಇಟ್ಟ ಮೇಲೆ, ಮನೆ ಹೋದರೆ ಎಲ್ಲಿಗೆ ಹೋಗಲಿ ಅಂತ ಇಪ್ಪತ್ತೆಂಟಕ್ಕೆ ಉಳಿದ ದಿನ ಎಣಿಸತೊಡಗಿದೆ.

ಸುನಂದಾಳ ನಂಬರು ಮರುದಿನವೇ ಸಿಕ್ಕಿತು. ಇಪ್ಪತ್ತೆರಡು ವರ್ಷ ಮನೆಯಲ್ಲಿ ಹೆಸರೆತ್ತದ ತಂಗಿ ಪುಣೆಯ ಅಣ್ಣನ ಮೊಬೈಲಿನಲ್ಲಿ ‘ಎಸ್ ವಡಾಲಾ’ ಅಂತ ಇದ್ದಳು.

ಹಾರ್ಬರ್ ಲೈನಿನ ಲೋಕಲ್ ಹಿಡಿದು ವಡಾಲಾದಿಂದ ಬಂದಳು. ನಲವತ್ತೈದರ ಆಸುಪಾಸಿನವಳು, ಒಂದು ಶಾಲೆಯ ಆಫೀಸಿನಲ್ಲಿ ಕ್ಲರ್ಕ್. ತಾಯಿ ಮೇಜಿನ ಆ ತುದಿಗೆ, ಮಗಳು ಈ ತುದಿಗೆ, ಬಾಗಿಲ ಬಳಿ ನಾನು. ತಾಯಿ ಕಿಟಕಿಯ ಹೊರಗಿನ ಝೆರಾಕ್ಸ್ ಬೋರ್ಡನ್ನು ಹತ್ತು ಸಲ ಓದಿದರು. ಅನಘಾ ಹಕ್ಕಸೋಡ ಪತ್ರವನ್ನು ಗಟ್ಟಿಯಾಗಿ ಮರಾಠಿಯಲ್ಲಿ ಓದತೊಡಗಿದಳು. ಒಂದು ಸಾಲು ಓದುವುದು, ಅರ್ಥ ಹೇಳುವುದು, “ಸಮಜಲಂ?” ಅನ್ನುವುದು. ಮೂರನೇ ಒಂದು ಪಾಲು ನಿಮ್ಮದು. ಅದನ್ನು ಇದರಿಂದ ಬಿಟ್ಟುಕೊಡುತ್ತೀರಿ. ಮತ್ತೆ ಕೇಳಲು ಬರುವುದಿಲ್ಲ. ಕೊನೆಗೆ ಹೇಳಿದಳು: “ನಾನು ಕೊಳ್ಳುವವರ ವಕೀಲೆ, ನಿಮ್ಮ ವಕೀಲೆ ಅಲ್ಲ. ಈ ಕಾಗದ ತಗೊಂಡು ಹೋಗಿ, ನಿಮ್ಮವರಿಗೆ ಯಾರಿಗಾದರೂ ತೋರಿಸಿ.”

ಒಂದು ಕಾಗದವನ್ನು ಹಾಗೆ ಓದಿ ಹೇಳುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಬರೀ ಹತ್ತು ನಿಮಿಷ.

ಸುನಂದಾ ಕಾಗದ ಮಡಿಚಿ ಪರ್ಸಿನಲ್ಲಿಟ್ಟಳು. ತಾಯಿಯ ಕಡೆ ನೋಡದೆ ಅಂದಳು: “ಅಪ್ಪ ಹೋದಾಗ ಕರೀಲಿಲ್ಲ. ನನ್ನ ಮಗಳು ಹುಟ್ಟಿದಾಗ ಕರೀಲಿಲ್ಲ. ಬಿಟ್ಟುಕೊಡೋದಕ್ಕೆ ಕರೆದರು.”

ನಂತರ ಹದಿನೆಂಟು ದಿನ ಸುದ್ದಿ ಇಲ್ಲ. ಇಪ್ಪತ್ತೆಂಟನೇ ತಾರೀಕು ಬಂತು. ನನ್ನ ಪಾತ್ರೆಗಳು ದಸ್ತಗೀರಸಾಬರ ಗೋದಾಮಿಗೆ, ನಾನು ಫಿಲೋಳ ಸೋಫಾಕ್ಕೆ. ಫ್ಯಾನಿನ ಸ್ಪೀಡಿನ ಜಗಳ ಮತ್ತೆ ಶುರು.

“ವಿಮ್, ನಿನ್ನ ಕಾನ್ಶನ್ಸ್ ಬಹಳ ದೊಡ್ಡದು ಮಾರಾಯ್ತಿ,” ಅಂದಳು ಒಂದು ಬೆಳಿಗ್ಗೆ, ನನ್ನ ಹಾಸಿಗೆ ದಾಟಿ ಅಡಿಗೆಮನೆಗೆ ಹೋಗಲಾರದೆ. “ಸೋಫಾ ಸಾಲೋದಿಲ್ಲ ಅದಕ್ಕೆ.”

“ಸಿಸ್ಟರ್ ಇದ್ದಿದ್ರ ನನ್ನ ಹೊಗಳತಿದ್ರು.”

“ಸಿಸ್ಟರ್‌ಗೆ ಕಾನ್ವೆಂಟ್ ಇತ್ತು. ಬಾಡಿಗೆ ಇರಲಿಲ್ಲ!”

ಶಾಲಿನಿತಾಯಿ ಒಂದೇ ಸಲ ಫೋನ್ ಮಾಡಿದರು. “ನೀವು ಒಳ್ಳೆಯವರು ಅಂದುಕೊಂಡಿದ್ದೆ. ನನ್ನ ಮನೆಯ ಮುಚ್ಚಿದ ಬಾಗಿಲು ತೆಗೆದುಬಿಟ್ಟಿರಿ,” ಅಂದು ಇಟ್ಟರು. ಬೇರೆ ಗಿರಾಕಿ ಹುಡುಕುತ್ತಿದ್ದಾರೆ, ಕಾಗದ ಅಷ್ಟು ನೋಡದ ಗಿರಾಕಿ, ಅಂತ ದಸ್ತಗೀರಸಾಬರಿಂದ ತಿಳಿಯಿತು. ಒಬ್ಬರು ಬಂದು ಮನೆ ನೋಡಿಕೊಂಡೂ ಹೋದರಂತೆ. ಅಂದು ನಾನು ಧಾರವಾಡದ ರೈಲಿನ ಟೈಮ್ ನೋಡಿದೆ. ಸುಳ್ಳು ಯಾಕೆ ಹೇಳಲಿ.

ಹತ್ತೊಂಬತ್ತನೇ ದಿನ ಸುನಂದಾ ಅನಘಾಗೆ ಫೋನ್ ಮಾಡಿದಳು. ಹಕ್ಕು ಬಿಡುವುದಿಲ್ಲ. ಮಾರುವವಳಾಗಿ ಸಹಿ ಹಾಕುತ್ತೇನೆ, ನನ್ನ ಪಾಲು ನನ್ನ ಹೆಸರಿಗೆ ಬರಬೇಕು.

ಅನಘಾ ಇದನ್ನು ಹೇಳಿದಾಗ ಶಾಲಿನಿತಾಯಿ ಅಂದರು: “ಮೊದಲಿಂದಲೂ ಹಾಗೇ ಅವಳು. ಅಣ್ಣನಿಗೆ ಎರಡು ಲಾಡು ಕೊಟ್ಟರೆ ತನಗೂ ಎರಡೇ ಆಗಬೇಕು. ಒಂದೂವರೆ ಕೊಟ್ಟರೆ ತಟ್ಟೆ ತಿರುಗಿಸಿ ಇಡೋಳು.” ಬೈದದ್ದೇ, ಆದರೆ ಇಪ್ಪತ್ತೆರಡು ವರ್ಷದ ಮೇಲೆ ಅವರು ಮಗಳ ಬಗ್ಗೆ ಆಡಿದ ಉದ್ದನೆಯ ಮಾತು ಅದು ಅನ್ನಿಸುತ್ತದೆ. ಆಮೇಲೆ ಬೇರೆ ಗಿರಾಕಿಯ ಸುದ್ದಿ ಬರಲಿಲ್ಲ.

ರಿಜಿಸ್ಟ್ರೇಶನ್ನಿನ ದಿನ ಅಂಧೇರಿಯ ಆಫೀಸಿನಲ್ಲಿ ಕಾಲಿಡಲು ಜಾಗವಿಲ್ಲ. ಧಾರವಾಡದಲ್ಲಿ ಪ್ಲಾಟು ಮಾರಿದಾಗ ಆಲದ ಮರದ ಕೆಳಗೆ ಬಾಂಡ್ ರೈಟರು ಕೊಡೆ ಹಿಡಿದು ಕೂತಿದ್ದರು. ಇಲ್ಲಿ ಟೋಕನ್ ನಂಬರು, ಏಸಿ, ಸಣ್ಣ ಕ್ಯಾಮೆರಾ. ಸಾಕ್ಷಿಗೆ ಫಿಲೋ ಮತ್ತು ದಸ್ತಗೀರಸಾಬರು. ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ಕೂತು ಹೆಬ್ಬೆಟ್ಟನ್ನು ಕೆಂಪು ದೀಪದ ಯಂತ್ರದ ಮೇಲೆ ಇಡಬೇಕು. ಶಾಲಿನಿತಾಯಿಯ ಹೆಬ್ಬೆಟ್ಟು ಹತ್ತಲೇ ಇಲ್ಲ. ಐದು ಸಲ ಒತ್ತಿಸಿದರು. ಆ ವಯಸ್ಸಿಗೆ ಪಾತ್ರೆ ತಿಕ್ಕಿ ತಿಕ್ಕಿ ರೇಖೆಗಳೇ ಸವೆದಿರುತ್ತವೆ. ಹಿಂದಿನ ಸಾಲಿನವರು ಗೊಣಗತೊಡಗಿದರು. ಆಪರೇಟರ್ “ಆಜೀ, ಇವತ್ತು ಆಗಲ್ಲ” ಅನ್ನುವುದಕ್ಕೂ ಸುನಂದಾ ಎದ್ದು ಬರುವುದಕ್ಕೂ ಸರಿಹೋಯಿತು. ತಾಯಿಯ ಕೈ ಹಿಡಿದಳು. ಆ ಹೆಬ್ಬೆಟ್ಟನ್ನು ಎಣ್ಣೆ ಹಚ್ಚಿ ಬಾಚಿದ ತನ್ನ ಬೈತಲೆಯ ಮೇಲೆ ಎರಡು ಸಲ ತಿಕ್ಕಿದಳು, ಯಂತ್ರದ ಮೇಲಿಟ್ಟು ತನ್ನ ಬೆರಳಿನಿಂದ ಒತ್ತಿ ಹಿಡಿದಳು. ಟಿಣ್ ಅಂತು.

“ಡಿಪಾರ್ಟ್‌ಮೆಂಟಿನವರಿಗೆ ಈ ಐಡಿಯಾ ಹೊಳೀಲಿಲ್ಲ ನೋಡ್ರಿ,” ಅಂದರು ದಸ್ತಗೀರಸಾಬರು, ಕಣ್ಣು ಬೇರೆ ಕಡೆ ಮಾಡಿ.

ಆಮೇಲೆ ತಬ್ಬಿಕೊಂಡು ಅತ್ತರು ಅಂತ ಬರೆಯುವ ಆಸೆ ನನಗೂ ಇದೆ. ಹಾಗಾಗಲಿಲ್ಲ. ಹೊರಗೆ ಬಂದು ತಾಯಿ ಮಗನ ಕಾರಿಗೆ, ಮಗಳು ಸ್ಟೇಶನ್ನಿನ ಕಡೆಗೆ ನಡೆದರು. ಕಾರಿ‌ನ ಬಾಗಿಲು ಹಾಕುವ ಮೊದಲು ಶಾಲಿನಿತಾಯಿ ಮಗನನ್ನು ಕೇಳಿದ್ದು ಮಾತ್ರ ನನಗೆ ಕೇಳಿಸಿತು: “ಅವಳ ಮಗಳಿಗೆ ಎಷ್ಟು ವರ್ಷ ಈಗ?”

ನಾನೀಗ ಜೋಗೇಶ್ವರಿಯಲ್ಲಿ ನನ್ನ ಸ್ವಂತ ಮನೆಯಲ್ಲಿದ್ದೇನೆ. ಫಿಲೋ ಭಾನುವಾರ ಬಂದು ಪರದೆಯ ಬಣ್ಣ ಸರಿಯಿಲ್ಲ ಅಂತ ಹೇಳಿ ಹೋಗುತ್ತಾಳೆ. ಕಳೆದ ವಾರ ಸೊಸೈಟಿಯ ಸೆಕ್ರೆಟರಿ ಮೆಂಬರ್‌ಶಿಪ್ಪಿನ ಫಾರ್ಮು ಕೊಟ್ಟುಹೋದರು. ಅದರಲ್ಲಿ ನಾಮಿನಿಯ ಹೆಸರು ತುಂಬಬೇಕು. ಫಿಲೋಗೆ ಹೇಳಿದರೆ “ನಮ್ಮಿಬ್ಬರಲ್ಲಿ ಯಾರ ಟಿಕೆಟ್ ಮೊದಲು ಅಂತ ಯಾರಿಗೆ ಗೊತ್ತು? ಮೊಣಕಾಲು ಗಟ್ಟಿ ಇರೋರನ್ನ ಹಾಕು” ಅಂದಳು. ಹಾಗಾಗಿ ಅಣ್ಣನ ಮಗಳು ಸುಧಾಗೆ ಧಾರವಾಡಕ್ಕೆ ಫೋನ್ ಮಾಡಿದೆ. ಅವಳು ಮುಂಬೈ ನೋಡಿದವಳಲ್ಲ. ಫಾರ್ಮನ್ನು ಮೊದಲ ಸಾಲಿನಿಂದ ಓದತೊಡಗಿದೆ, ಕನ್ನಡದಲ್ಲಿ ಅರ್ಥ ಹೇಳುತ್ತ. ನಾಮಿನಿ ಅಂದರೆ ಏನು, ಏನಲ್ಲ. ಉಯಿಲನ್ನು ಬೇರೆ ಬರೆಸುತ್ತೇನೆ, ಅದನ್ನೂ ಓದಿ ಹೇಳುತ್ತೇನೆ. ನಿನಗೆ ಬೇಡವಾದರೆ ಬೇಡ ಅನ್ನು.

“ಅತ್ತೀ, ಅದನ್ನೆಲ್ಲಾ ಯಾಕ ಓದ್ಲಿಕ್ಕತ್ತೀರಿ? ಎಲ್ಲೆ ಸಹಿ ಮಾಡಬೇಕು ಹೇಳ್ರಿ, ಮಾಡ್ತೀನಿ,” ಅಂದಳು ನಗುತ್ತ.

“ನಿನ್ನ ಸಹಿ ಬೇಕಾಗಿಲ್ಲ. ಪೂರ್ತಿ ಕೇಳಸ್ಕೊ, ಅಷ್ಟ.”

ಕೇಳಿಸಿಕೊಂಡಳು. ಅವಳ ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವಳ ಬಾಗಿಲ ಹೊರಗೆ ಯಾರೋ ಮೊಸರು ಮಾರುವವಳು ಧಾರವಾಡದ ದನಿಯಲ್ಲಿ ಕರೆಯುತ್ತಿದ್ದಳು.

“ಅಂದ್ರ ಅತ್ತೀ,” ಅಂದಳು ಸುಧಾ ನಿಧಾನಕ್ಕೆ, “ನೀವು ಇನ್ನ ಇಲ್ಲಿಗೆ ವಾಪಸ್ ಬರೂದಿಲ್ಲೇನ್ರಿ?”

“ಬರ್ತೀನಲ್ಲ,” ಅಂದೆ ತಟ್ಟನೆ. “ದೀಪಾವಳಿಗೆ ಬರ್ತೀನಿ. ನಾಲ್ಕ ದಿನ ಇರ್ತೀನಿ.”

ಫೋನ್ ಇಟ್ಟಮೇಲೆ ಆ ಮಾತು ನನ್ನ ಕಿವಿಗೇ ಹೊಸದಾಗಿ ಕೇಳಿಸಿತು. ಹುಟ್ಟಿದಾಗಿನಿಂದ ಆ ಊರಿನಲ್ಲಿ ಬಾಗಿಲಿಗೆ ಬಂದ ನೆಂಟರಿಗೆ ನಾಲ್ಕು ದಿನ ಇದ್ದು ಹೋಗ್ರಿ ಅಂತ ಹೇಳುತ್ತಿದ್ದವಳು ನಾನು.